ಗೊತ್ತಿಲ್ಲವೆಂದ ಡಾಕ್ಟ್ರವ್ವ

ಕಬ್ಬಿನ ಸೋಗೆಯ ವಾಸನೆ ಎಂದರೆ ಪ್ರಿಯಾಂಕಳಿಗೆ ಅಪ್ಪನ ವಾಸನೆ. ಹಸಿ ಸೋಗೆ, ನಾಲೆಯ ಕೆಸರು, ಬೆವರು, ಅದರ ಮೇಲೆ ಒಂದಿಷ್ಟು ಹುಳಿಯಾಗತೊಡಗಿದ ಕಬ್ಬಿನ ಹಾಲು. ಅಪ್ಪ ಮರಿಸಿದ್ದಯ್ಯ ಮಳವಳ್ಳಿ ಕಡೆಯವನು. ಕೊತ್ತತ್ತಿ, ಹೊಳಲು ಅಂತ ಗದ್ದೆಯಿಂದ ಗದ್ದೆಗೆ ತಿರುಗಿ ಕಬ್ಬು ಕಡಿಯುತ್ತಿದ್ದ. ಮನೆಗೆ ಬಂದವನು ಮೈ ತೊಳೆಯುವ ಮೊದಲೇ ಮಗಳನ್ನೊಮ್ಮೆ ಎತ್ತಿಕೊಳ್ಳುತ್ತಿದ್ದ. ಸೋಗೆಯ ಅಂಚು ಕೊಯ್ದು ಗೀರುಗೀರಾದ ತೋಳು ಅವಳ ಕೆನ್ನೆಗೆ ಒರಟಾಗಿ ತಾಗುತ್ತಿತ್ತು. "ಮೊದ್ಲು ನೀರ್ ಉಯ್ಕೊ ಓಗು, ಮಗೀಗೆ ನವೆ ಆಯ್ತದೆ" ಅಂತ ಅವ್ವ ಪುಟ್ಟಮಾದಮ್ಮ ಗದರಿದರೂ ಅವನು ಇಳಿಸುತ್ತಿರಲಿಲ್ಲ, ಇವಳೂ ಇಳಿಯುತ್ತಿರಲಿಲ್ಲ.

ಅದೇ ವಾಸನೆ ಆ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನುಗ್ಗಿತು. ಅದರ ಹಿಂದೆಯೇ ಒಂದು ಗೂಡ್ಸ್ ಆಟೋ ತುಂಬ ಜನ.

"ಡಾಕ್ಟ್ರೇ, ಆವು ಕಚ್ಬುಟ್ಟದೆ ಕಣ್ರಪ್ಪೋ!"

ಮದ್ದೂರು ತಾಲ್ಲೂಕಿನ ಒಂದು ಹೋಬಳಿಯ ಪುಟ್ಟ ಸರ್ಕಾರಿ ಆಸ್ಪತ್ರೆ ಅದು. ಆರು ಮಂಚ, ಪ್ರಿಯಾಂಕ ಒಬ್ಬಳೇ ಡಾಕ್ಟರು, ಒಬ್ಬಳು ನರ್ಸು. ಪುಟ್ಟರಾಜು ಎಂಬ ರೈತ ತನ್ನ ಹೆಂಡತಿ ರೂಪಳನ್ನು ಎರಡೂ ತೋಳಿನ ಮೇಲೆ ಹೊತ್ತು ತಂದ. ಮೂವತ್ತರ ಆಸುಪಾಸಿನ ಹೆಂಗಸು, ನೈಟಿಯ ಮೇಲೆ ಗಂಡನ ಹಳೇ ಅಂಗಿ ತೊಟ್ಟಿದ್ದಳು. ಹಸುವಿಗೆ ಹುಲ್ಲು ಕೊಯ್ಯಲು ಕಬ್ಬಿನ ಗದ್ದೆಯ ಬದುವಿಗೆ ಹೋಗಿದ್ದವಳು. ಮಂಡಿಯ ಕೆಳಗೆ ಹಸು ಕಟ್ಟುವ ನೈಲಾನ್ ಹಗ್ಗವನ್ನು ಬಿಗಿದು, ಅದರೊಳಗೆ ಕುಡುಗೋಲಿನ ಹಿಡಿ ತೂರಿಸಿ ತಿರುಚಿದ್ದರು. ಹಗ್ಗದ ಕೆಳಗಿನ ಕಾಲು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವಳು ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ಎದೆಯೊಳಗೆ ಪೀಪಿ ಊದಿದಂಥ ಸದ್ದು.

ಪುಟ್ಟರಾಜುವಿನ ತಾಯಿ ಚಿಕ್ಕಬೋರಮ್ಮ ಗೊಬ್ಬರದ ಚೀಲವೊಂದನ್ನು ತಂದು ಪ್ರಿಯಾಂಕಳ ಮೇಜಿನ ಮುಂದೆ ಸುರಿದೇಬಿಟ್ಟಳು. ತಲೆ ಜಜ್ಜಿದ, ಬೆನ್ನ ಮೇಲೆ ಸಾಲುಸಾಲು ಕಂದು ಮಚ್ಚೆಯ ದಪ್ಪ ಹಾವು.

"ಕೊಳಕುಮಂಡಲ ಕಣವ್ವ. ನಾನೇ ವಡ್ದಿದ್ದು. ಅಗ್ಗ ಕಟ್ಟಿದ್ದೂ ನಾನೇ. ಬಿರ್ರನೆ ಸೂಜಿ ಆಕು."

ಕೊಳಕುಮಂಡಲವೇ. ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮಿಕ್ಕೆಲ್ಲದರಲ್ಲಿ.

ಪ್ರಿಯಾಂಕ ಬಗ್ಗಿ ಕಾಲು ನೋಡಿದಳು. ಹಿಮ್ಮಡಿಯ ಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ಸೋಗೆ ಗೀರಿದಂಥ ಗೆರೆ. ಹಲ್ಲು ಒಳಗಿಳಿದಿದೆಯೋ, ಬರೀ ತಾಗಿದೆಯೋ? ಊತ ವಿಷದ್ದೋ, ಹಗ್ಗದ್ದೋ? ಒಸಡಿನಲ್ಲಿ ರಕ್ತವಿಲ್ಲ. ಕಣ್ಣಿನ ರೆಪ್ಪೆ ಜೋತುಬಿದ್ದಿಲ್ಲ.

"ಮೊದಲೂ ಹಿಂಗೆ ಉಸಿರು ಕಟ್ತಿತ್ತಾ?"

"ಉಬ್ಬಸ ಅದೆ ಮೇಡಂ, ಚಿಕ್ಕೋಳಿದ್ದಾಗ್ನಿಂದ್ಲೂ" ಅಂದ ಪುಟ್ಟರಾಜು. "ಬಾಯ್ಗೆ ಒಡ್ಕೊಳೋ ಪಂಪು ಮನೇಲೇ ಬುಟ್ ಬಂದ್ಬುಟ್ಟೊ."

ಹಾಗಾದರೆ ಉಸಿರಿನ ಸದ್ದೂ ಯಾವುದಕ್ಕೂ ಸಾಕ್ಷಿಯಲ್ಲ.

ಹಾವಿನ ವಿಷದ ಮದ್ದು ಪಕ್ಕದ ಫ್ರಿಜ್ಜಿನಲ್ಲೇ ಇತ್ತು. ಕುದುರೆಯ ರಕ್ತದಿಂದ ಮಾಡುವ ಮದ್ದು ಅದು. ವಿಷ ಏರಿದವರಿಗೆ ಅದನ್ನು ಬಿಟ್ಟರೆ ಬೇರೆ ದೇವರಿಲ್ಲ. ಆದರೆ ಕೆಲವರ ಮೈಗೆ ಒಗ್ಗುವುದಿಲ್ಲ. ಏರಿಸಿದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದೆದ್ದು, ಗಂಟಲು ಬಿಗಿದು, ರಕ್ತದೊತ್ತಡ ಕುಸಿಯುತ್ತದೆ. ಉಬ್ಬಸದವರಿಗೆ ಆ ಗಂಡಾಂತರ ಇನ್ನೂ ಜಾಸ್ತಿ. ವಿಷ ಏರಿದ್ದರೆ ಆ ಗಂಡಾಂತರಕ್ಕೆ ಎದೆಗೊಟ್ಟು ಏರಿಸಲೇಬೇಕು. ಏರಿರದಿದ್ದರೆ, ಬದುಕಿರುವವಳನ್ನು ಮದ್ದೇ ಕೊಂದೀತು.

ಈ ಆಸ್ಪತ್ರೆಯಲ್ಲಿ ಇಷ್ಟೆಲ್ಲ ಯೋಚಿಸುವ ರೂಢಿ ಇರಲಿಲ್ಲ. ಹಿಂದೆ ಇಲ್ಲಿದ್ದ ಡಾಕ್ಟರ್ ಜಯಪ್ರಕಾಶ್ ಒಮ್ಮೆ ಹಾವು ಕಚ್ಚಿದವನೊಬ್ಬನನ್ನು ನೋಡುತ್ತ ಕಾದಿದ್ದರು. ಅವನು ಉಳಿಯಲಿಲ್ಲ. ಅವನಿಗೆ ಯಾರಿಂದಲೂ ಏನೂ ಮಾಡಲು ಆಗುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಜನ ಅವರನ್ನು ಅಂಗಳಕ್ಕೆ ಎಳೆದು ಹೊಡೆದಿದ್ದರು. ಈಗ ಅವರು ತಾಲ್ಲೂಕಿನ ಮೇಲಧಿಕಾರಿ. ಮುರಿದ ಕನ್ನಡಕದ ಬದಲು ಹೊಸದು ಬಂದಿತ್ತು, ಆದರೆ ಕಾಯುವ ಧೈರ್ಯ ಮತ್ತೆ ಬಂದಿರಲಿಲ್ಲ. ಅಂದಿನಿಂದ ಅವರ ಬಾಯಿಮಾತಿನ ಕಟ್ಟಳೆ ಒಂದೇ: ಹಾವು ಅಂದರೆ ಮದ್ದು ಏರಿಸಿ, ಇಲ್ಲವೇ ಮಂಡ್ಯದ ದೊಡ್ಡಾಸ್ಪತ್ರೆಗೆ ಸಾಗಿಸಿ. ಕಾಯುವುದು ಮಾತ್ರ ಬೇಡ.

ಪ್ರಿಯಾಂಕಳ ಕೈ ತಾನೇ ತಾನಾಗಿ ಫ್ರಿಜ್ಜಿನ ಬಾಗಿಲಿಗೆ ಹೋಯಿತು. ಏರಿಸಿಬಿಟ್ಟರೆ ನೆಮ್ಮದಿ ಅನ್ನಿಸಿತು. ಮರುಗಳಿಗೆಯೇ ತನ್ನನ್ನು ತಾನೇ ಕೇಳಿಕೊಂಡಳು, ಯಾರಿಗೆ ನೆಮ್ಮದಿ? ಬಾಗಿಲಲ್ಲಿ ನಿಂತ ಗುಂಪಿಗೆ, ತಾಲ್ಲೂಕಿನ ಸಾಹೇಬರಿಗೆ, ತನಗೆ. ತನ್ನ ಭಯಕ್ಕೆ ಔಷಧಿ ಬೇಕಾದರೆ ಇನ್ನೊಬ್ಬಳ ಕೈಗೆ ಚುಚ್ಚುವುದೇ? ಕೈ ಹಿಂದಕ್ಕೆ ಬಂತು.

"ಸಿಸ್ಟರ್, ಮೊದಲು ಉಬ್ಬಸಕ್ಕೆ ಹಬೆ ಮದ್ದು ಹಿಡೀರಿ. ಹಾವಿನ ಮದ್ದು ಏರಿಸೋಕೆ ಕೈನರಕ್ಕೆ ಸೂಜಿ ಹಾಕಿ ಇಟ್ಕೊಳಿ, ಏರಿಸ್ಬೇಡಿ. ಒಂದು ಹೊಸ ಗಾಜಿನ ಕೊಳವೆ ಕೊಡಿ."

ನರ್ಸ್ ನಾಗಶ್ರೀ ಒಂದು ಕ್ಷಣ ಅವಳ ಮುಖ ನೋಡಿ ಕೆಲಸಕ್ಕೆ ತೊಡಗಿದಳು. ಮಂಚದ ಕಬ್ಬಿಣ ಒತ್ತದಿರಲೆಂದು ತನ್ನ ಸ್ವೆಟರನ್ನೇ ಮಡಿಸಿ ರೂಪಳ ಹಿಮ್ಮಡಿಯ ಕೆಳಗೆ ಇಟ್ಟಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಪ್ರಿಯಾಂಕ ರೂಪಳ ರಕ್ತ ತೆಗೆದು ಕೊಳವೆಗೆ ಬಿಟ್ಟಳು. ಕಿಟಕಿಯ ಬಳಿ, ಬಿಸಿಲು ಬೀಳದ ಕಡೆ ನಿಲ್ಲಿಸಿದಳು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಆಮೇಲೆ ಬಗ್ಗಿಸಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಇಲ್ಲ.

ಹಗ್ಗವನ್ನು ಒಂದೇ ಸಲಕ್ಕೆ ಬಿಚ್ಚುವಂತಿರಲಿಲ್ಲ. ನಾಡಿ ಹಿಡಿದು ಸ್ವಲ್ಪ ಸಡಿಲಿಸುವುದು, ಕಣ್ಣು ನೋಡುವುದು, ಮತ್ತೆ ಸ್ವಲ್ಪ ಸಡಿಲಿಸುವುದು.

"ಅಗ್ಗ ಯಾಕವ್ವ ಬಿಚ್ತೀಯೆ? ಇಸ ಎದೆಗೆ ಏರಾಕಿಲ್ವಾ?" ಚಿಕ್ಕಬೋರಮ್ಮ ಮುಂದೆ ಬಂದಳು.

"ಬಿಚ್ಚದಿದ್ರೆ ಕಾಲೇ ಕೊಳೆತು ಹೋಗುತ್ತೆ ಅಜ್ಜಿ."

"ನಾನ್ ಕಟ್ಟಿದ್ದು ತಪ್ಪಾ?"

"ಸೊಸೆ ಉಳೀಲಿ ಅಂತ ಕಟ್ಟಿದ್ದೀರಿ. ಈಗ ಬಿಚ್ಚೋದೂ ಅದಕ್ಕೇ."

ಮುದುಕಿ ತುಟಿ ಬಿಗಿಹಿಡಿದು ಹಿಂದೆ ಸರಿದಳು.

ಅಷ್ಟರಲ್ಲಿ ಊರಿನ ಹಾಲಿನ ಡೈರಿಯ ಸೆಕ್ರೆಟರಿ ಕೆಂಪರಾಜು ಮೊಬೈಲನ್ನು ಎತ್ತಿ ಹಿಡಿದುಕೊಂಡು ಒಳಗೆ ಬಂದ. ಹೆಸರಿಗೆ ತಕ್ಕಂತೆ ಕೆಂಪಗೆ ಇದ್ದ ಮುಖ ಇನ್ನೂ ಕೆಂಪಾಗಿತ್ತು.

"ನೋಡಿ ಸ್ವಾಮಿ, ಕೊಳಕುಮಂಡಲ ಕಚ್ಚಿ ಇಷ್ಟೊತ್ತಾದ್ರೂ ಒಂದು ಇಂಜೆಕ್ಷನ್ ಕೊಟ್ಟಿಲ್ಲ. ಇದು ನಮ್ ಸರ್ಕಾರಿ ಆಸ್ಪತ್ರೆ ನೋಡಿ. ಮೇಡಂ, ಜನಕ್ಕೆ ಏಳಿ, ವಿಷ ಏರ್ಯದಾ ಇಲ್ವಾ?"

"ಗೊತ್ತಿಲ್ಲ" ಅಂದಳು ಪ್ರಿಯಾಂಕ.

ಬಾಗಿಲಲ್ಲಿ ನಿಂತವರೆಲ್ಲ ಕತ್ತು ಮುಂದಕ್ಕೆ ಚಾಚಿದರು. ಡಾಕ್ಟರ ಬಾಯಲ್ಲಿ ಅವರು ಆ ಮಾತು ಕೇಳಿರಲಿಲ್ಲ.

"ಏನಂದ್ರಿ?"

"ನನಗೆ ಗೊತ್ತಿಲ್ಲ ಅಂದೆ. ಗೊತ್ತುಮಾಡ್ಕೊಳೋಕೆ ರಕ್ತ ಇಟ್ಟಿದ್ದೀನಿ. ಕಾಯ್ಬೇಕು."

"ಗೊತ್ತಿಲ್ದಿರೋರು ಯಾಕ್ ಇಲ್ಲಿ ಕೂತಿದ್ದೀರಿ?" ಹಿಂದಿನಿಂದ ಒಬ್ಬ ಕೂಗಿದ. "ಓದಿದ್ರೋ, ಸೀಟ್ ಸಿಕ್ತು ಅಂತ ಬಂದ್ರೋ?"

ಕೆಂಪರಾಜು ನಕ್ಕ. "ಯಾವ ಕಡೆಯೋರು ಮೇಡಂ ನೀವು? ತಂದೆಯೋರು ಏನ್ ಮಾಡ್ತಿದ್ರು?"

ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಬಾಡಿಗೆ ಮನೆ ಕೇಳಿದ ಕಡೆಯಲ್ಲೆಲ್ಲ ಕೇಳಿದ್ದ ಪ್ರಶ್ನೆ. ನೆಟ್ಟಗೆ ನಿಂತು ಮೊಬೈಲಿನ ಕಡೆಗೇ ನೋಡಿ ಹೇಳಿದಳು.

"ನಮ್ಮಪ್ಪ ಮರಿಸಿದ್ದಯ್ಯ. ಮಳವಳ್ಳಿ ಕಡೆಯ ಹೊಲಗೇರಿಯವರು. ಕಬ್ಬು ಕಡೀತಿದ್ರು. ನಿಮ್ಮ ಗದ್ದೇಲೂ ಕಡಿದಿರಬಹುದು. ಇನ್ನೇನಾದ್ರೂ ಬೇಕಾ? ಬೇಡ ಅಂದ್ರೆ ಬೆಳಕಿಗೆ ಅಡ್ಡ ನಿಂತಿದ್ದೀರಿ, ಪಕ್ಕಕ್ಕೆ ಬನ್ನಿ."

ಕೆಂಪರಾಜು ಪಕ್ಕಕ್ಕೇನೋ ಬಂದ. ಬಂದವನು ಕಿಟಕಿಯ ಹತ್ತಿರ ಹೋಗಿ, "ಇದೇನಾ ಪರೀಕ್ಷೆ?" ಅಂತ ಕೊಳವೆಗೆ ಕೈ ಹಾಕಿದ.

"ಮುಟ್ಟಬೇಡಿ!"

ಅಷ್ಟು ಜೋರು ತನ್ನ ಗಂಟಲಲ್ಲಿದೆಯೆಂದು ಪ್ರಿಯಾಂಕಳಿಗೇ ತಿಳಿದಿರಲಿಲ್ಲ. ಕೆಂಪರಾಜು ಬೆಚ್ಚಿ ಕೈ ತೆಗೆದ.

ನಾಗಶ್ರೀ ಅವಳನ್ನು ಔಷಧಿ ಕೋಣೆಗೆ ಕರೆದು ಪಿಸುಗುಟ್ಟಿದಳು. "ಮೇಡಂ, ಒಂದು ಮಾತು. ಬರೀ ಗ್ಲೂಕೋಸ್ ಬಾಟ್ಲು ನೇತಾಕ್ಬಿಡೋಣ. ಹಾವಿನ ಮದ್ದು ಅಂತ ಹೇಳಿದ್ರೆ ಆಯ್ತು. ತೊಟ್ಟು ತೊಟ್ಟು ಬೀಳೋದು ಕಣ್ಣಿಗೆ ಕಂಡ್ರೆ ಜನ ತಣ್ಣಗಾಗ್ತಾರೆ. ಎಲ್ಲಾ ಕಡೆ ಹಿಂಗೇ ಮಾಡೋದು."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅಂಗಳದಲ್ಲಿ ಜಯಪ್ರಕಾಶರನ್ನು ಎಬ್ಬಿಸಿ ಕೂರಿಸಿದವಳು ಇದೇ ನಾಗಶ್ರೀ. ಇನ್ನೊಬ್ಬರನ್ನು ಹಾಗೆ ಎಬ್ಬಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಪ್ರಿಯಾಂಕಳಿಗೂ ಆಸೆಯಾಯಿತು. ಬಾಟಲಿ ನೇತುಹಾಕಲು ಎಷ್ಟು ಹೊತ್ತು? ಆದರೆ ಸುಳ್ಳು ಬಾಟಲಿ ಇಳಿಯುತ್ತಿರುವಾಗಲೇ ರಕ್ತ ನೀರಾಗಿಬಿಟ್ಟರೆ? ಆಗ ನಿಜವಾದ ಮದ್ದು ಏರಿಸಬೇಕು ಅಂದರೆ ಯಾರು ನಂಬುತ್ತಾರೆ?

"ಬೇಡ ಸಿಸ್ಟರ್. ಅವರ ಮನೆ ಹೆಣ್ಣುಮಗಳು ಮಲಗಿದ್ದಾಳೆ. ಅವರಿಗೆ ಸುಳ್ಳು ಹೇಳಲ್ಲ."

"ಹೊಡೆದ್ರೆ?"

"ಹೊಡೀಲಿ. ಆಮೇಲಾದ್ರೂ ನಿಜಾನೇ ಹೇಳಿದ್ಲು ಅಂತಾರಲ್ಲ."

ಫೋನು ಬಂತು. ಜಯಪ್ರಕಾಶ್.

"ಪ್ರಿಯಾಂಕ, ಆ ವಿಡಿಯೋ ನನಗೂ ಬಂತು. ಮದ್ದು ಏರಿಸಿಬಿಡಮ್ಮ. ಮುಗೀತು."

"ವಿಷದ ಗುರುತು ಒಂದೂ ಇಲ್ಲ ಸರ್."

"ವಿಷ ಇಲ್ಲವೇ ಇಲ್ಲ ಅಂತ ಹೇಳ್ತೀಯಾ?"

"ಇಲ್ಲ ಸರ್. ಇದೆ ಅಂತಲೂ ಹೇಳಲ್ಲ. ಉಬ್ಬಸ ಇರೋಳು ಅವಳು, ಎದೆ ಈಗ್ಲೇ ಬಿಗಿದಿದೆ. ಗುರುತಿಲ್ಲದೆ ಹೇಗೆ ಏರಿಸಲಿ?"

"ಹಾಗಾದ್ರೆ ಮಂಡ್ಯಕ್ಕೆ ಬರೆದುಕೊಟ್ಟು ಕೈ ತೊಳ್ಕೊ. ನಿನ್ನ ತಲೆ ಮೇಲೆ ಯಾಕೆ ಎಳ್ಕೊತೀಯ?"

"ಅಲ್ಲೂ ಇದೇ ಕೊಳವೆ ಇಟ್ಟು ಕಾಯ್ತಾರೆ ಸರ್. ಈ ಸ್ಥಿತೀಲಿ ದಾರಿಗೆ ಹತ್ತಿಸಿ ಉಸಿರು ಕಟ್ಟಿದ್ರೆ? ಒಂದೇ ಒಂದು ಗುರುತು ಕಾಣ್ಲಿ, ಆ ಕ್ಷಣ ಮದ್ದು ಏರಿಸಿ, ಆಂಬುಲೆನ್ಸಲ್ಲಿ ನಾನೇ ಜೊತೇಲಿ ಕೂತು ಮಂಡ್ಯಕ್ಕೆ ಕರ್ಕೊಂಡು ಹೋಗ್ತೀನಿ."

ಆಚೆಯಿಂದ ತೀರ ಸಣ್ಣ ದನಿ. "ನೀನಿನ್ನೂ ಏಟು ತಿಂದಿಲ್ಲಮ್ಮ. ಅದಕ್ಕೇ ಹೀಗೆ ಮಾತಾಡ್ತೀಯ."

"ತಿನ್ನಬೇಕಾದ್ರೆ ತಿಂತೀನಿ ಸರ್. ಅದರ ಭಯಕ್ಕೆ ಇವಳಿಗೆ ಚುಚ್ಚಲ್ಲ" ಅಂದು ಪ್ರಿಯಾಂಕ ಫೋನು ಇಟ್ಟಳು. ಔಷಧಿ ಕೋಣೆಯಿಂದ ಹೊರಗೆ ಬಂದಳು.

ಇಷ್ಟು ಹೊತ್ತೂ ಎಲ್ಲರೂ ಅವಳ ಮೇಲೆ ಕೂಗಾಡಿದ್ದರು, ಆದರೆ ಮಂಚದ ಮೇಲಿದ್ದವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ತಾನೂ ಕೇಳಿಲ್ಲವಲ್ಲ ಅನ್ನಿಸಿ ಪ್ರಿಯಾಂಕ ಸ್ಟೂಲು ಎಳೆದುಕೊಂಡು ರೂಪಳ ತಲೆಯ ಬಳಿ ಕುಳಿತಳು. ಹಬೆ ಮದ್ದಿಗೆ ಉಸಿರು ಸ್ವಲ್ಪ ಸಡಿಲವಾಗಿತ್ತು.

"ರೂಪ, ಕೇಳಮ್ಮ. ವಿಷ ಏರಿದ್ಯೋ ಇಲ್ವೋ ನನಗೆ ಇನ್ನೂ ಗೊತ್ತಿಲ್ಲ. ಈಗ್ಲೇ ಮದ್ದು ಏರಿಸಬಹುದು. ಏರಿಸಿದ್ರೆ ನಿನ್ನ ಉಬ್ಬಸಕ್ಕೆ ಅದು ಕುತ್ತಾಗಬಹುದು. ಕಾಯಬಹುದು. ಕಾದ್ರೆ ನಿನ್ನ ಪಕ್ಕ ಬಿಟ್ಟು ನಾನು ಏಳಲ್ಲ. ನನಗನ್ನಿಸೋದು ಕಾಯೋದೇ ಸರಿ ಅಂತ. ನಿನಗೇನನ್ನಿಸುತ್ತೆ?"

ರೂಪ ಮುಖದ ಮೇಲಿನ ಮಾಸ್ಕನ್ನು ಎತ್ತಿದಳು. "ನನ್ನ ಯಾಕ್ ಕೇಳ್ತೀರಿ ಮೇಡಂ? ನಾನೇನ್ ಓದಿದ್ದೀನಾ?"

"ಕಾಲು ನಿಂದಲ್ವಾ?"

ಆ ಸ್ಥಿತಿಯಲ್ಲೂ ಅವಳಿಗೆ ನಗು ಬಂತು. "ಮದ್ದೂರಲ್ಲಿ ಒಬ್ರು ಉಬ್ಬಸಕ್ಕೆ ಊರಲ್ಲಿರೋ ಮಾತ್ರೆಯೆಲ್ಲ ನುಂಗ್ಸುದ್ರು. ಎಲ್ಲಾದ್ಕೂ ಗೊತ್ತು ಗೊತ್ತು ಅಂತಿದ್ರು. ಗೊತ್ತಿಲ್ಲ ಅಂದೋರು ನೀವೇ ಮೊದ್ಲು." ಒಂದೆರಡು ಸಲ ಉಸಿರೆಳೆದು ಹೇಳಿದಳು, "ಕಾಯಾವ ಬುಡಿ. ಆದ್ರೆ ಪಕ್ಕ ಬುಟ್ ಏಳ್ಕೂಡ್ದು."

"ಏಳಲ್ಲ."

ಇಪ್ಪತ್ತು ನಿಮಿಷ ಕಳೆಯಿತು. ಪ್ರಿಯಾಂಕ ಕೊಳವೆಯನ್ನು ಕೈಗೆತ್ತಿಕೊಂಡಳು. ಬಾಗಿಲಲ್ಲಿ ತಲೆಗಳ ಮೇಲೆ ತಲೆ. ಮೆಲ್ಲಗೆ ಬಗ್ಗಿಸಿದಳು. ರಕ್ತ ಹರಿಯಲಿಲ್ಲ. ಗಟ್ಟಿ ಮೊಸರಿನ ಹಾಗೆ ತಳದಲ್ಲೇ ನಿಂತಿತು.

ಪುಟ್ಟರಾಜು ಗೋಡೆಗೆ ಒರಗಿ ಕುಸಿದು ಕುಳಿತ. ಯಾರೋ ಶಿಳ್ಳೆ ಹೊಡೆದರು. ಕೆಂಪರಾಜು ಮೊಬೈಲನ್ನು ಮತ್ತೆ ಎತ್ತಿದ. "ಅಂಗಾದ್ರೆ ಇಸ ಇಲ್ಲ ಅನ್ನಿ. ಇಲ್ಲ ಅಂತ ಏಳಿ ಇದ್ಕೆ, ಕರ್ಕೊಂಡ್ ಓಗ್ತೀವಿ."

ಈಗ "ಇಲ್ಲ" ಅಂದುಬಿಟ್ಟರೆ ಎಲ್ಲರೂ ಹೊರಟುಬಿಡುತ್ತಾರೆ. ಬೈದವರೇ ಕೈಮುಗಿಯುತ್ತಾರೆ. ಪ್ರಿಯಾಂಕಳಿಗೆ ಮೊದಲಿನದಕ್ಕಿಂತ ಈ ಗಳಿಗೆಯೇ ಕಷ್ಟವಾಗಿ ಕಂಡಿತು.

"ಹೇಳಲ್ಲ. ಕೆಲವರಿಗೆ ವಿಷ ತಡವಾಗಿ ತೋರುತ್ತೆ. ಮತ್ತೆ ಮತ್ತೆ ರಕ್ತ ನೋಡಬೇಕು. ನಾಳೆ ಬೆಳಿಗ್ಗೆವರೆಗೂ ಇಲ್ಲೇ ಇರಬೇಕು."

"ಅಯ್ಯೋ ನಿನ್ನ! ಅದೆ ಅಂತಲೂ ಅನ್ನಾಕಿಲ್ಲ, ಇಲ್ಲ ಅಂತಲೂ ಅನ್ನಾಕಿಲ್ಲ. ಇದ್ಯಾವ ಸೀಮೆ ಡಾಕ್ಟ್ರಪ್ಪಾ!" ಕೆಂಪರಾಜು ಗುಂಪಿನ ಕಡೆ ತಿರುಗಿದ. "ಎತ್ಲಾ ಪುಟ್ಟರಾಜು ಯೆಂಡ್ರುನ್ನ. ಮದ್ದೂರಲ್ಲಿ ನಂಗೆ ಗೊತ್ತಿರೋ ನರ್ಸಿಂಗ್ ಹೋಮ್ ಅದೆ. ಬಾಗ್ಲಲ್ಲೇ ಇಂಜೆಕ್ಷನ್ ಮಡುಗ್ತಾರೆ."

ಇಬ್ಬರು ಮಂಚದ ಬಳಿಗೆ ಬಂದೇಬಿಟ್ಟರು. ಪ್ರಿಯಾಂಕ ಸ್ಟೂಲಿನಿಂದ ಎದ್ದು ಮಂಚಕ್ಕೂ ಅವರಿಗೂ ನಡುವೆ ನಿಂತಳು. ಮೂಳೆ ಚಕ್ಕಳದ ಹೆಣ್ಣು, ಅವಳನ್ನು ಪಕ್ಕಕ್ಕೆ ತಳ್ಳಲು ಒಂದು ಕೈ ಸಾಕಿತ್ತು.

"ಪುಟ್ಟರಾಜು ಕರ್ಕೊಂಡು ಹೋಗ್ತೀನಿ ಅಂದ್ರೆ, ರೂಪ ಬರ್ತೀನಿ ಅಂದ್ರೆ, ನಾನು ಕಟ್ಟಿಹಾಕೋಕೆ ಆಗಲ್ಲ. ಆದ್ರೆ ನೀವು ಎತ್ತಂಗಿಲ್ಲ."

"ನಾನ್ ಎಲ್ಲಿಗೂ ಬರಾಕಿಲ್ಲ" ಅಂದಳು ರೂಪ ಮಾಸ್ಕಿನೊಳಗಿಂದ.

ಪುಟ್ಟರಾಜು ಅವಳ ಮುಖ ನೋಡಿದ, ಕೆಂಪರಾಜುವಿನ ಮುಖ ನೋಡಿದ, ಕೊನೆಗೆ ತಾಯಿಯ ಮುಖ ನೋಡಿದ.

ಚಿಕ್ಕಬೋರಮ್ಮ ಇಷ್ಟು ಹೊತ್ತೂ ಸೊಸೆಯ ಕಾಲನ್ನೇ ನೋಡುತ್ತ ನಿಂತಿದ್ದಳು. ಹಗ್ಗ ಬಿಚ್ಚಿದ ಕಡೆ ಕೆಂಪು ಬಳೆಯಂಥ ಗುರುತು ಬಿದ್ದಿತ್ತು. ಕೆಳಗಿನ ನೇರಳೆ ಬಣ್ಣ ತಿಳಿಯಾಗತೊಡಗಿತ್ತು. ತನ್ನ ಬೆರಳಿನಿಂದ ಒತ್ತಿ ನೋಡಿದಳು.

"ಡಾಕ್ಟ್ರವ್ವ, ನಿಜ ಏಳು. ಆ ನರ್ಸಿಂಗ್ ಓಮ್‌ಗೆ ಓದ್ರೆ ಅವ್ರಿಗೆ ಗೊತ್ತಾಯ್ತದಾ?"

"ಈ ಹೊತ್ತಿಗೆ ಅವರಿಗೂ ಗೊತ್ತಾಗಲ್ಲ ಅಜ್ಜಿ. ಗೊತ್ತು ಅಂತ ಹೇಳಬಹುದು."

"ನೀನ್ ಯಾಕ್ ಏಳಾಕಿಲ್ಲ?"

"ಗೊತ್ತಿಲ್ಲ ಅದಕ್ಕೆ."

ಮುದುಕಿ ಹೂಂ ಅಂದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದಳು. ಜಗಳಕ್ಕೆ ನಿಂತರೆ ಇಡೀ ಬೀದಿ ಬಾಗಿಲು ಹಾಕಿಕೊಳ್ಳುವಂಥ ಬಾಯಿ ಅವಳದು.

"ಲೇ ಕೆಂಪ! ನಿಮ್ಮಪ್ಪ ಸಾಯಾಗ ಅದೆಷ್ಟ್ ಸೂಜಿ ಆಕುಸ್ದೆ, ಮೈಯೆಲ್ಲ ತೂತ್ ಮಾಡಿ ಕಳುಸ್ದೆ. ಉಳುದ್ನಾ? ಸ್ವಾಸೆ ನನ್ನೋಳು. ಕಾಯ್ತೀನಿ ಅಂತ ಅವ್ಳೇ ಅಂತಾವ್ಳೆ. ನಿಂದೇನ್ಲಾ ಕಿತಾಪತಿ? ಆ ಮೊಬೈಲ್ ಕೆಳಗಿಳುಸ್ತೀಯೋ, ಆ ಸತ್ತ ಆವ ನಿನ್ ಕುತ್ಗೆಗೆ ಸುತ್ಲೋ?"

ಗುಂಪಿನಲ್ಲಿ ನಗು ಎದ್ದಿತು. ಕೆಂಪರಾಜು "ನಿಮ್ ಒಳ್ಳೇದ್ಕೆ ಏಳುದ್ರೆ..." ಅಂತ ಶುರುಮಾಡಿದ. ಅವಳು ನಿಜವಾಗಿಯೂ ಚೀಲದ ಕಡೆ ಬಗ್ಗಿದಳು. ಅವನು ಅಂಗಳಕ್ಕೆ ಇಳಿದ.

ಆದರೆ ಅಂಗಳ ಬಿಟ್ಟು ಹೋಗಲಿಲ್ಲ. ಸೋಮನಹಳ್ಳಿ ಕಡೆಯಿಂದ, ಅಕ್ಕಪಕ್ಕದ ಪುಟ್ಟ ಹಳ್ಳಿಗಳಿಂದ ವಿಡಿಯೋ ನೋಡಿದವರು ಒಬ್ಬೊಬ್ಬರೇ ಬಂದು ಸೇರಿದರು. ಬಿಸಿಲು ಏರಿತು. ಪ್ರಿಯಾಂಕ ಮತ್ತೆ ರಕ್ತ ತೆಗೆದಿಟ್ಟಳು. ಮತ್ತೆ ಹೆಪ್ಪುಗಟ್ಟಿತು. ಮಧ್ಯಾಹ್ನ ರೂಪಳ ಉಸಿರು ಮತ್ತೊಮ್ಮೆ ಬಿಗಿದಾಗ ಅಂಗಳದಲ್ಲಿ ಗದ್ದಲ ಎದ್ದು, ಒಂದು ಕಲ್ಲು ಬಂದು ಔಷಧಿ ಕೋಣೆಯ ಕಿಟಕಿಗೆ ಬಿತ್ತು. ನಾಗಶ್ರೀ ಗಾಜಿನ ಚೂರು ಗುಡಿಸುತ್ತ ಅಳುತ್ತಿದ್ದಳು, ಆದರೆ ಜಾಗ ಬಿಟ್ಟು ಹೋಗಲಿಲ್ಲ. ಆಟೋ ಓಡಿಸಿಕೊಂಡು ಬಂದಿದ್ದ ನಾಗಯ್ಯ ಬಾಗಿಲಲ್ಲಿ ತಲೆ ಹಾಕಿ, "ಮೇಡಂ, ಆಂಬುಲೆನ್ಸ್ ತಡ ಆಯ್ತದೆ ಅಂದ್ರೆ ಇರ್ಲಿ ಅಂತ ಗಾಡಿ ರಸ್ತೆ ಕಡೆಗೆ ತಿರುಗ್ಸಿ ನಿಲ್ಸಿವ್ನಿ. ಬಾಡ್ಗೆ ಬಂದ್ರೂ ಓಗಾಕಿಲ್ಲ" ಅಂತ ಹೇಳಿ, ಉತ್ತರಕ್ಕೂ ಕಾಯದೆ ಹೋದ.

ಪ್ರಿಯಾಂಕ ರೂಪಳ ಕಣ್ಣು ನೋಡಿದಳು, ಒಸಡು ನೋಡಿದಳು, ಮೂತ್ರದ ಬಣ್ಣ ನೋಡಿದಳು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಉಬ್ಬಸ. ವಿಷವಲ್ಲ, ಉಬ್ಬಸ. ಹಾಗೆಂದು ತನಗನ್ನಿಸುತ್ತಿದೆ, ಅಷ್ಟೆ. ಮತ್ತೆ ಹಬೆ ಮದ್ದು ಹಿಡಿದಳು. ಮದ್ದಿನ ಸೀಸೆಗಳನ್ನು ಫ್ರಿಜ್ಜಿನಿಂದ ತೆಗೆದು ಟ್ರೇಯಲ್ಲಿ ಸಾಲಾಗಿ ಜೋಡಿಸಿ ಕೈಗೆಟುಕುವ ಹಾಗೆ ಇಟ್ಟುಕೊಂಡಳು. ಬೇಕಾದರೆ ಒಂದು ಗಳಿಗೆಯೂ ತಡವಾಗಬಾರದು. ಬೇಡವಾದರೆ ಒಂದು ಹನಿಯೂ ಒಳಗೆ ಹೋಗಬಾರದು. ನಡುವೆ ಇರುವುದು ತಾನು, ತನ್ನ ಕಣ್ಣು.

ಅಂಗಳದ ಗದ್ದಲ ಇದ್ದಕ್ಕಿದ್ದಂತೆ ತಗ್ಗಿತು. ಪ್ರಿಯಾಂಕ ಕಿಟಕಿಯಿಂದ ನೋಡಿದರೆ ಡಾಕ್ಟರ್ ಜಯಪ್ರಕಾಶ್ ಕಾರಿನಿಂದ ಇಳಿಯುತ್ತಿದ್ದರು. ಪೊಲೀಸರಿಲ್ಲ, ಜವಾನರಿಲ್ಲ, ಒಬ್ಬರೇ. ಹಿಂದೆ ತಾವು ಏಟು ತಿಂದು ಬಿದ್ದಿದ್ದ ಜಾಗವನ್ನು ಬಳಸಿಕೊಂಡು ಬರಲು ಹೋದವರು, ನಿಂತು, ಅದರ ಮೇಲೆಯೇ ನಡೆದುಕೊಂಡು ಬಂದರು. ಬಾಗಿಲ ಮೆಟ್ಟಿಲಲ್ಲಿ ಗುಂಪಿನ ಕಡೆಗೆ ತಿರುಗಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಒಳಗಿರೋ ಡಾಕ್ಟರು ಮಾಡ್ತಿರೋದು ಸರಿಯಾಗಿದೆ" ಅಂದರು. "ಕಾಯಬೇಕು. ನಾನೂ ಇಲ್ಲೇ ಕೂತು ಕಾಯ್ತೀನಿ. ಹೊಡೆಯೋರು ಮೊದಲು ನನಗೆ ಹೊಡೀರಿ. ನನಗೆ ಅಭ್ಯಾಸ ಇದೆ."

ಯಾರೂ ಮುಂದೆ ಬರಲಿಲ್ಲ. ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನವರು ಹಾಲು ಕರೆಯುವ ಹೊತ್ತಾಯಿತೆಂದು ಹೊರಟರು. ಡೈರಿ ತೆರೆಯಬೇಕಲ್ಲ, ಕೆಂಪರಾಜುವೂ ಹೊರಡಬೇಕಾಯಿತು. ಹೋಗುವಾಗ ಕಿಟಕಿಯ ಹತ್ತಿರ ಬಂದು, ಮೊಬೈಲು ಜೇಬಿನಲ್ಲಿಟ್ಟುಕೊಂಡೇ, "ಹುಷಾರಾಗವ್ಳಾ ಮೇಡಂ?" ಅಂತ ಕೇಳಿದ.

"ಸದ್ಯಕ್ಕೆ ಹುಷಾರಾಗಿದ್ದಾಳೆ. ನಾಳೆದು ನಾಳೆಗೆ."

ಅವನು ತಲೆ ಕೊಡವಿಕೊಂಡು ಹೋದ. ಆದರೆ ಈ ಸಲ ಬೈಯಲಿಲ್ಲ.

ಸಂಜೆ ರೂಪಳಿಗೆ ಹೇಳಿಯೇ ಪ್ರಿಯಾಂಕ ಒಂದು ಗಳಿಗೆ ಜಯಪ್ರಕಾಶರ ಪಕ್ಕ ಹೋಗಿ ನಿಂತಳು. "ಥ್ಯಾಂಕ್ಸ್ ಸರ್."

"ಈಗ್ಲೂ ಕೇಳಿದ್ರೆ ಮದ್ದು ಏರಿಸಿಬಿಡು ಅಂತಲೇ ನನ್ನೊಳಗಿನ ಭಯ ಹೇಳ್ತಿದೆ" ಅಂದರು ಅವರು.

"ನನಗೂ ಸರ್."

"ಮತ್ತೆ?"

"ಹೇಳ್ಕೊಳ್ಲಿ ಬಿಡಿ. ಅದು ಹೇಳಿದ್ದೆಲ್ಲ ಮಾಡೋಕಾಗುತ್ತಾ?"

ಜಯಪ್ರಕಾಶ್ ನಕ್ಕು, ಒಡೆದ ಕಿಟಕಿಗೆ ರಟ್ಟು ಹೊಡೆಯಲು ಮೊಳೆ ಇದೆಯೇ ಎಂದು ನಾಗಶ್ರೀಯನ್ನು ಕೇಳಲು ಎದ್ದರು.

ಒಳಗೆ ರೂಪ ದಿಂಬಿಗೆ ಒರಗಿ ಕುಳಿತು ಹಸಿವು ಅನ್ನುತ್ತಿದ್ದಳು. ಕಾಲಿನ ಊತ ಅರ್ಧ ಇಳಿದಿತ್ತು. ಪುಟ್ಟರಾಜು ಮನೆಗೆ ಹೋಗಿ ಉಬ್ಬಸದ ಪಂಪನ್ನೂ, ಅಕ್ಕಪಕ್ಕದವರು ಮಾಡಿಕೊಟ್ಟ ಅಡುಗೆಯನ್ನೂ ತಂದಿದ್ದ. ಸೊಸೆಗೆ ಗಂಜಿ ಕುಡಿಸಿ ಮುಗಿಸಿದ ಚಿಕ್ಕಬೋರಮ್ಮ, ಹೊಸ ಕೊಳವೆಯನ್ನು ಕಿಟಕಿಯ ಬಳಿ ಇಡುತ್ತಿದ್ದ ಪ್ರಿಯಾಂಕಳನ್ನು ಕೇಳಿದಳು.

"ಇನ್ನೂ ಗೊತ್ತಾಗ್ನಿಲ್ವಾ?"

"ಇಲ್ಲ ಅಜ್ಜಿ. ಮುಕ್ಕಾಲು ಪಾಲು ಭಯ ಹೋಗಿದೆ. ಇನ್ನೂ ಕಾಲು ಪಾಲು ಇದೆ."

"ಇರ್ಲಿ ಬುಡು. ಗೊತ್ತಿಲ್ದಿದ್ರೆ ಕೂತ್ಕೊಳಾವ."

ಪ್ರಿಯಾಂಕ ಸ್ಟೂಲಿನ ಮೇಲೆ ಕುಳಿತು ರೂಪಳ ನಾಡಿ ಹಿಡಿದಳು. ಚಿಕ್ಕಬೋರಮ್ಮ ಮನೆಯಿಂದ ಬಂದ ತಟ್ಟೆಯನ್ನು ಸೆರಗಿನಿಂದ ಒರೆಸಿ, ಬಿಸಿ ಆರದ ಮುದ್ದೆಯೊಂದನ್ನು ಅದರ ನಡುವೆ ಇಟ್ಟಳು. ಸುತ್ತ ಉಪ್ಸಾರು ಬಿಟ್ಟಳು, ಅಂಚಿಗೆ ಖಾರ ಹಚ್ಚಿದಳು. ತಾನಿನ್ನೂ ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ. ಮಂಚದ ಪಕ್ಕಕ್ಕೆ ಬಂದು, ಪ್ರಿಯಾಂಕಳ ಕೈಯನ್ನು ಸೊಸೆಯ ಮಣಿಕಟ್ಟಿನಿಂದ ಮೆಲ್ಲಗೆ ಬಿಡಿಸಿ, ತಾನೇ ಆ ಮಣಿಕಟ್ಟನ್ನು ಹಿಡಿದುಕೊಂಡು, ತಟ್ಟೆಯನ್ನು ಡಾಕ್ಟ್ರವ್ವನ ತೊಡೆಯ ಮೇಲೆ ಇಟ್ಟಳು.